ವಿಷ ಬೆರೆಸದ ತೊಟ್ಟಿ

ಬೆಳಕು ನೀರಿನಿಂದೆದ್ದು ಚಾವಣಿಯ ಮೇಲೆ ಅಲೆಯಾಡುತ್ತಿದೆ, ಗಾಳಿ ಊದುವ ಪಂಪಿನ ಗೊರಗೊರ, ನಿದ್ದೆ ಬರಿಸುವ ಸದ್ದು — ಅಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ಗುನುಗುತ್ತಿದ್ದುದೂ ಹೀಗೆಯೇ, ಪದವಿಲ್ಲದೆ — ಅರೆ, ಬಾಲದ ತುದಿ ಹರಿದ ಈ ಪುಟ್ಟ ಮೀನು, ಇದನ್ನು ಎಲ್ಲೋ ನೋಡಿದ್ದೇನಲ್ಲ, ನಿನ್ನೆ, ಹೌದು, ಆಚೆ ಕೋಣೆಯ ಮರಿತೊಟ್ಟಿಯಲ್ಲಿ, ಒಡಹುಟ್ಟಿದವುಗಳೇ ಕಚ್ಚಿ ಹರಿದಿದ್ದವು, ಪಾಪ ಅಂದುಕೊಂಡಿದ್ದೆ, ಇಲ್ಲಿಗೆ ಹೇಗೆ ಬಂತು, ಮೀನಿಗೇನು ಕಾಲಿದೆಯೇ. ಇದು ನಮ್ಮ ಪ್ರಯೋಗಶಾಲೆಯ ಕಂಟ್ರೋಲ್ ಟ್ಯಾಂಕ್, ಹೋಲಿಸಿ ನೋಡಲೆಂದು ವಿಷ ಬೆರೆಸದೆ ಇಟ್ಟ ಒಂದೇ ತೊಟ್ಟಿ, ಒಂದು ತಂಡದವರು ತಮ್ಮ ತೊಟ್ಟಿಗೆ ಕೀಟನಾಶಕ ಬೆರೆಸುತ್ತಾರೆ, ಇನ್ನೊಂದು ತಂಡದವರು ಬಣ್ಣದ ಕಾರ್ಖಾನೆಯ ಕೊಳಚೆ, ಮತ್ತೊಬ್ಬರು ಮಾತ್ರೆ ಕರಗಿಸಿದ ನೀರು, ಕೊನೆಗೆ ಎಲ್ಲರೂ ತಿರುಗಿ ನೋಡುವುದು ಇದರತ್ತಲೇ, ಇಲ್ಲಿನ ಮೀನು ಹೇಗಿವೆ, ನಮ್ಮವು ಹೇಗಿವೆ — ಕೂಡುಕುಟುಂಬಕ್ಕೆ ಒಂದೇ ಬಾವಿ ಇದ್ದ ಹಾಗೆ, ಜಗಳವೂ ಹಾಗೆಯೇ, ನಮ್ಮ ಬಲೆ ಯಾಕೆ ಮುಟ್ಟಿದ್ರಿ, ನಿಮ್ಮ ಬಕೆಟ್ ಯಾಕೆ ದಾರಿಗಡ್ಡ, ನೀರಮ್ಮಾ ನೀವೇ ಹೇಳಿ. ಈ ಸಂಸಾರ ನಡೆಸುವ ನೀರಮ್ಮ ನಾನೇ, ಹೆಸರಿಟ್ಟವರು ಯಾರೋ, ಈಗ ನನಗೂ ಅದೇ ಹೆಸರು ಒಗ್ಗಿದೆ, ಮತ್ತೆ ಬಂತು ಹರಿದ ಬಾಲ, ಗಾಜಿನ ಹತ್ತಿರ ತಿರುಗಿ ಹೋಯಿತು. ಕಂಟ್ರೋಲ್ ನೋಡಿಕೊಳ್ಳುವುದು ಸರದಿಯ ಮೇಲೆ, ಈ ವಾರ ಕೊಳಚೆ ತಂಡದ್ದು, ಅಂದರೆ ನನ್ನ ತಂಗಿಯದು.

ತಂಗಿ ಬಲೆ ಹಿಡಿದು ಹಿಂದೆಯೇ ನಿಂತಿದ್ದಾಳೆ, ಗಾಜಿನಲ್ಲಿ ಅವಳ ಮುಖ, ಮುಖದೊಳಗೆ ಮೀನುಗಳ ಓಡಾಟ, ಒಂದು ಸತ್ತುಹೋಗಿತ್ತು ಅಕ್ಕ, ನನ್ನ ಸರದೀಲೇ ಸಾಯ್ಬೇಕಾ ಅದು, ಎಲ್ಲಾರೂ ನನ್ನನ್ನೇ ಅಂತಾರೆ ಅಂತ ಆ ಕಡೆಯಿಂದ ಒಂದು ತಂದು ಬಿಟ್ಟೆ. ಅಯ್ಯೋ ಪೆದ್ದಿ, ಸತ್ತಿದ್ದನ್ನ ಸತ್ತಿತು ಅಂತ ಹೇಳಿದ್ರೆ ಮುಗೀತಿತ್ತು ಕಣೇ, ಒಂದು ಸಾವಿಗೆ ನಿಯಮದಲ್ಲೇ ಜಾಗ ಇದೆ, ಬದಲಿ ಮೀನಿಗೆ ಇಲ್ಲ, ಈಗ ಎಲ್ಲರ ದುಡಿಮೆಯೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಚಿಕ್ಕವಳಿದ್ದಾಗ ಅವಳ ಗಾಜಿನ ಬಟ್ಟಲಿನ ಕೆಂಪು ಮೀನು ಸತ್ತಿತ್ತು, ಜ್ವರದಲ್ಲಿ ಮಲಗಿದ್ದಳು, ಅವಳು ಏಳುವಷ್ಟರಲ್ಲಿ ಅಮ್ಮ ಅಂಥದ್ದೇ ಇನ್ನೊಂದು ತಂದು ಬಿಟ್ಟಿದ್ದಳು, ಎದ್ದವಳು ನೋಡಿ ನಕ್ಕಳು, ಅಮ್ಮ ನನ್ನತ್ತ ಕಣ್ಣು ಮಿಟುಕಿಸಿದಳು, ಮನೆಯೆಲ್ಲ ಬಿಸಿಲು. ನನಗೆ ಗೊತ್ತಾಗಿತ್ತು ಅಕ್ಕ, ಈಗ ಹೇಳುತ್ತಾಳೆ, ಅದರ ರೆಕ್ಕೆ ಬೇರೆ ಥರ ಇತ್ತು, ಅಮ್ಮಂಗೆ ಬೇಜಾರಾಗುತ್ತೆ ಅಂತ ನಕ್ಕೆ. ಅಮ್ಮ ಹಾಸಿಗೆ ಹಿಡಿದಾಗ ಕೂತು ಕಾದವಳೂ ಇವಳೇ, ನಾನು ಇಲ್ಲಿ ನೀರು ಕಾಯುತ್ತಿದ್ದೆ, ಓದಿದ್ದೆಲ್ಲ ಮೂಲೆಗಿಟ್ಟು ತಲೆಗೂದಲು ಬೆಳ್ಳಗಾದ ಮೇಲೆ ಇವಳಿಗೊಂದು ಕೆಲಸ ಸಿಕ್ಕಿದೆ, ಹೇಳಿದರೆ ಅದು ಹೋಯಿತು. ನೀನೊಬ್ಬಳು ಹೊಟ್ಟೆಗೆ ಹಾಕ್ಕೊಂಡ್ರೆ ಆಯ್ತಲ್ಲ ಅಕ್ಕ. ಹಾಕಿಕೊಳ್ಳಬಹುದು, ಅಕ್ಕನ ಹೊಟ್ಟೆ ದೊಡ್ಡದು, ಆದರೆ ವಿಷವಿಲ್ಲದ ನೀರಲ್ಲಿ ಅದು ಸತ್ತಿದ್ದೇಕೆ, ಈ ನೀರೇ ಕೆಟ್ಟಿದ್ದರೆ, ಇದನ್ನು ನಂಬಿ ನಾಳೆ ಯಾರೋ ಯಾವುದೋ ಊರಿಗೆ ಕುಡೀರಿ, ಏನೂ ಆಗಲ್ಲ ಅಂದರೆ, ಅಲ್ಲೂ ಒಬ್ಬ ತಂಗಿ ಲೋಟ ಎತ್ತುತ್ತಾಳೆ — ಅತ್ತ ದರಿ ಇತ್ತ ಪುಲಿ, ನೀರಿನ ಬೆಳಕು ಅವಳ ಕೆನ್ನೆಯ ಮೇಲೆ ಎಷ್ಟು ಚೆಂದ ಆಡುತ್ತಿದೆ.

ಬಾಗಿಲ ಸದ್ದು, ಚಪ್ಪಲಿಗಳ ಸದ್ದು, ತಂಡದವರೆಲ್ಲ ಬಂದರು, ಏನ್ ನೀರಮ್ಮ, ಎಲ್ಲಾ ಕ್ಷೇಮಾನಾ, ಕೀಟನಾಶಕದವರ ನಗು, ತಂಗಿಯ ಒದ್ದೆ ಬೆರಳು ಸದ್ದಿಲ್ಲದೆ ನನ್ನ ಕೈಯೊಳಗೆ ಸೇರಿತು, ಜ್ವರದ ದಿನಗಳ ಹಾಗೆ, ನಾನು ಬಿಡಿಸಿಕೊಳ್ಳಲಿಲ್ಲ, ಇಲ್ಲ ಅಂದೆ, ಕ್ಷೇಮ ಇಲ್ಲ, ಇದರಲ್ಲಿ ಮೀನು ಬದಲಾಗಿದೆ, ನಗು ನಿಂತಿತು, ಯಾರು ಬದಲಾಯಿಸಿದ್ದು ಅಂತ ಯಾರೋ ಕೇಳಿದರು, ಬೆರಳು ಬಿಗಿಯಾಯಿತು, ಗಾಜಿನ ಆಚೆ ಹರಿದ ಬಾಲ, ತಿರುಗಿತು, ಬಂತು, ಹರಿದ ಬಾಲ —