ಒಂದೇ ಸೋರಿಕೆ, ಬೇರೆ ಬೇರೆ ಭಾರ

ಸೀನಿದರೆ ಸಾಕು, ವರ್ನೀಸಳಿಗೆ ಮೂತ್ರ ಹನಿಯುತ್ತಿತ್ತು. ಕಡೆಯ ಹೆರಿಗೆಯಾದ ಮೇಲೆ ಶುರುವಾದದ್ದು ನಿಂತಿರಲೇ ಇಲ್ಲ. ಅಮೆರಿಕದ ಮೇಕನ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಅವಳ ಕೆಲಸ. ಹಗಲಿಡೀ ನೀರು ಕುಡಿಯುತ್ತಿರಲಿಲ್ಲ. ಬಸ್ಸು ಹತ್ತಿ ಮಗಳ ಊರಿಗೆ ಹೋಗುವುದನ್ನು ಬಿಟ್ಟಿದ್ದಳು. ಗಂಡನ ಪಕ್ಕ ಮಲಗುವುದನ್ನೂ ಬಿಟ್ಟಿದ್ದಳು. ಕೇಳಿದರೆ ಸೊಂಟನೋವು ಎನ್ನುವಳು.

ಗುಟ್ಟು ಗೊತ್ತಿದ್ದದ್ದು ಅಕ್ಕ ಓಲೀಟಾಗೆ ಮಾತ್ರ. "ನಮ್ಮಮ್ಮಂಗೂ ಇತ್ತು ಕಣೇ. ಬಟ್ಟೆ ಮಡಿಚಿಟ್ಕೊಂಡು ಕಾಲ ಹಾಕಿದ್ಲು. ನಾವು ಕಪ್ಪು ಹೆಂಗಸ್ರು, ಇಂಥದ್ದನ್ನ ಬೀದಿಗೆ ತರಲ್ಲ," ಎಂದು ಬಾಯಿ ಮುಚ್ಚಿಸಿದ್ದಳು.

ಒಂದು ದಿನ ವರ್ನೀಸ್ ಮತ್ತು ಅವಳ ಜೊತೆಗಾತಿ, ಬಿಳಿಯಳಾದ ಡಾರ್ಲೀನ್, ಸೊಪ್ಪಿನ ಹಂಡೆ ಎತ್ತಿದರು. ಡಾರ್ಲೀನ್ ಅದನ್ನು ಇಳಿಸಿ ನಕ್ಕಳು. "ಮೂತ್ರ ಸೋರ್ತು ನೋಡು. ಈ ವಾರ ವ್ಯಾಯಾಮ ತಪ್ಪಿಸಿದ್ದಕ್ಕೆ ಶಾಸ್ತಿ."

ವರ್ನೀಸ್ ಬೆರಗಾಗಿ ನಿಂತುಬಿಟ್ಟಳು. ಈ ಮಾತನ್ನು ಹಗಲು ಹೊತ್ತಿನಲ್ಲಿ, ಒಲೆಯ ಮುಂದೆ, ನಗುತ್ತಾ ಆಡಬಹುದೇ? ಮೆಲ್ಲಗೆ ತನ್ನ ಕಥೆಯನ್ನೂ ಹೇಳಿದಳು. ಡಾರ್ಲೀನಳ ಡಾಕ್ಟರು ತಾವಾಗಿಯೇ ವಿಚಾರಿಸಿ, ವ್ಯಾಯಾಮ ಕಲಿಸುವವರ ಬಳಿ ಕಳಿಸಿದ್ದರಂತೆ.

"ನಿನ್ನನ್ನ ಕೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ. ಒಂದ್ಸಲ ನಾನೇ ಬಾಯಿಬಿಟ್ಟೆ. ತೂಕ ಇಳಿಸು ಅಂತ ಕಳಿಸಿದ್ರು."

ಡಾರ್ಲೀನಳ ನಗು ನಿಂತಿತು. ಇಬ್ಬರಿಗೂ ಒಂದೇ ತೊಂದರೆ. ಒಬ್ಬಳಿಗೆ ಅದು ಕಿರಿಕಿರಿ. ಇನ್ನೊಬ್ಬಳ ಅರ್ಧ ಬದುಕನ್ನೇ ತಿಂದಿತ್ತು.

ಡಾರ್ಲೀನ್ ಹೇಳಿದ ಕ್ಲಿನಿಕ್ಕಿಗೆ ವರ್ನೀಸ್ ಹೊರಟಾಗ ಓಲೀಟಾ ಗೊಣಗುತ್ತಲೇ ಜೊತೆಗೆ ಬಂದಳು. ಅಲ್ಲಿನ ನರ್ಸ್ ಇಮಾನಿಯೂ ಅವರಂತೆ ಕಪ್ಪು ಹೆಂಗಸೇ. "ಇದು ಎಲ್ಲಾ ಬಣ್ಣದ ಹೆಂಗಸರಿಗೂ ಬರುತ್ತೆ ಅಕ್ಕ. ಆದ್ರೆ ಎಲ್ಲರ ಮೇಲೂ ಒಂದೇ ಭಾರ ಬೀಳಲ್ಲ. ಕೇಳೋರಿಲ್ದೆ, ಹೇಳ್ಕೊಳ್ಳೋಕಾಗ್ದೆ ನಮ್ಮೋರು ಜಾಸ್ತಿ ನವೆದಿದಾರೆ. ಅದು ಚರ್ಮದ ತಪ್ಪಲ್ಲ," ಎಂದು ಚಿತ್ರವೊಂದನ್ನು ತೋರಿಸಿದಳು. ಕಿಬ್ಬೊಟ್ಟೆಯ ತಳದಲ್ಲಿ ತೊಟ್ಟಿಲಿನಂತೆ ಹಬ್ಬಿದ ಸ್ನಾಯು.

"ಇದು ನನ್ನೊಳಗೂ ಇದೆಯಾ?" ವರ್ನೀಸಳ ದನಿ ತಗ್ಗಿತ್ತು. ಹೆತ್ತ ಮಕ್ಕಳನ್ನೆಲ್ಲ ಹೊತ್ತ ತೊಟ್ಟಿಲು ಇಷ್ಟು ವರ್ಷ ತನ್ನೊಳಗೇ ಇತ್ತು, ತನಗೇ ಗೊತ್ತಿರಲಿಲ್ಲ.

ಆ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವುದನ್ನು ಇಮಾನಿ ಕಲಿಸಿದಳು. ಇದರಿಂದ ಗುಣ ಕಾಣದಿದ್ದರೆ ಬೇರೆ ಚಿಕಿತ್ಸೆಗಳೂ ಇವೆ ಎಂದಳು. ಹೊರಡುವಾಗ ಓಲೀಟಾ ಬಾಗಿಲಲ್ಲೇ ನಿಂತಳು. "ನಂಗೆ ಎಪ್ಪತ್ತಾಯ್ತು ತಾಯಿ. ಈ ವ್ಯಾಯಾಮದಿಂದ ನಂಗೂ ಗುಣ ಆಗುತ್ತಾ?" ಆಗುತ್ತದೆ ಎಂದು ಇಮಾನಿ ಅವಳನ್ನೂ ಒಳಗೆ ಕೂರಿಸಿಕೊಂಡಳು.

ಕೆಲವು ತಿಂಗಳಲ್ಲಿ ವರ್ನೀಸಳ ಸೋರಿಕೆ ಪೂರ್ತಿ ನಿಲ್ಲದಿದ್ದರೂ ಬಹಳ ತಗ್ಗಿತು. ಚರ್ಚಿನ ಮಹಿಳಾ ಸಭೆಯಲ್ಲಿ ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಎಲ್ಲರಿಗಿಂತ ಹಿರಿಯಳಾದ ಹ್ಯಾಟಿಯಮ್ಮ ಕೈಯನ್ನು ಮೇಲೆತ್ತಿದಳು. "ನಂಗೂ ಇದೆ." ಆಮೇಲೆ ಸಾಲು ಸಾಲಿನಲ್ಲಿ ಕೈಗಳು ಎದ್ದವು. ಇಷ್ಟು ಜನರಿಗೆ ಇದ್ದೀತೆಂದು ಎಣಿಸಿರದ ವರ್ನೀಸ್ ಕುರ್ಚಿ ಹಿಡಿದು ನೋಡುತ್ತಲೇ ನಿಂತಳು.

ಅಕ್ಕತಂಗಿಯರೇ, ಇದು ನಾಚಿಕೆಯಲ್ಲ, ಹಣೆಬರಹವೂ ಅಲ್ಲ. ನೀರು ಕುಡಿಯುವುದನ್ನು ಬಿಡಬೇಡಿ. ಮೂತ್ರದಲ್ಲಿ ಉರಿ, ರಕ್ತ ಕಂಡರೆ ಡಾಕ್ಟರ ಬಳಿ ಹೋಗಲು ತಡಮಾಡಬೇಡಿ. ಒಬ್ಬ ಡಾಕ್ಟರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರ ಬಳಿ ಹೋಗಿ. ನಿಮ್ಮ ಪಕ್ಕದವಳನ್ನೂ ಇವತ್ತೇ ಕೇಳಿ. ಯಾರಾದರೂ ಕೇಳಲಿ ಎಂದು ಅವಳು ಕಾದಿರಬಹುದು.