ಹಲಗೆ ಕಟ್ಟದ ಕಾಲು

ಬಡಗಿಯ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಉಜ್ಜುಗೊರಡಿನ ಸದ್ದಿನಿಂದ. ಅಂದು ಅವನ ಅಕ್ಕ ಕಾಳು ಆರಿಸುತ್ತಾ ಕಿಟಕಿಯಿಂದ ನೋಡಿದಳು. ತಮ್ಮ ಗೇಣುದ್ದದ ಎರಡು ಹಲಗೆಗಳನ್ನು ನಯಮಾಡುತ್ತಿದ್ದ. ಯಾತಕ್ಕೆಂದು ಅವಳು ಕೇಳಬೇಕಾಗಿರಲಿಲ್ಲ.

ಬಡಗಿಯ ಮಗಳು ಗುಬ್ಬಿಗೆ ನಾಲ್ಕು ವರ್ಷ. ಓಡುವಾಗ ಅವಳ ಹೆಬ್ಬೆರಳುಗಳು ಒಂದನ್ನೊಂದು ಮಾತಾಡಿಸುವಂತೆ ಒಳಕ್ಕೆ ತಿರುಗುತ್ತಿದ್ದವು. ಎಡವಿ ಬೀಳುವಳು, ತಾನೇ ಏಳುವಳು. ಅಂಥ ಕಾಲಿಗೆ ಹಲಗೆಯಿಟ್ಟು ಬಿಗಿಯುವುದು ಆ ಮನೆಯ ಹಿಂದಿನಿಂದ ಬಂದ ಪದ್ಧತಿ.

ಅಕ್ಕನಿಗೂ ಕಟ್ಟಿದ್ದರು. ಪ್ರೀತಿಯಿಂದಲೇ ಕಟ್ಟಿದ್ದರು. ಕಟ್ಟು ಮಾಂಸ ಕಚ್ಚಿ, ಕೀವಾಗಿ, ಎಡಗಾಲು ಸೊರಗಿತು. ಬಂದ ಸಂಬಂಧಗಳೆಲ್ಲ ಅವಳ ಕುಂಟು ನಡಿಗೆ ಕಂಡು ಹೊಸಿಲಿನಿಂದಲೇ ಹಿಂದಿರುಗಿದವು.

"ಇನ್ನು ತಡ ಬೇಡ, ಇವತ್ತೇ ಕಟ್ಟಿಬಿಡೋಣ," ಎಂದಳು ಮುದುಕಿ ತಾಯಿ, ಹಳೆಯ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿಯುತ್ತಾ.

ಸೊಸೆ ಮೆಲ್ಲಗೆ ಬಾಯಿಬಿಟ್ಟಳು. "ಅತ್ತೆ, ಡಾಕ್ಟರು ಬೇಡ ಅಂದಿದ್ದಾರೆ. ಈ ವಯಸ್ಸಲ್ಲಿ ತೊಡೆ ಮೂಳೆ ಒಳಕ್ಕೆ ತಿರುಗಿರೋದು ಸಹಜವಂತೆ. ಬೆಳೀತಾ ಬೆಳೀತಾ ಸಾಮಾನ್ಯವಾಗಿ ತಾನೇ ಸರಿಹೋಗತ್ತಂತೆ. ನೋವು ಬಂದ್ರೆ, ಇಲ್ಲಾ ಒಂದೇ ಕಾಲು ತಿರುಗಿದ್ರೆ ಮತ್ತೆ ತೋರಿಸಿ ಅಂದ್ರು."

"ನಿನ್ನ ಡಾಕ್ಟರು ಎಷ್ಟು ಹೆತ್ತಿದಾನೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

ಅಕ್ಕ ಮೊರ ಇಟ್ಟು, ಕಾಲೆಳೆಯುತ್ತಾ ಬಂದಳು.

"ಅಮ್ಮಾ, ತಮ್ಮ ಚಿಕ್ಕೋನಾಗಿದ್ದಾಗ ಹೇಗೆ ನಡೀತಿದ್ದ?"

"ಥೇಟ್ ಗುಬ್ಬಿ ಹಾಗೇ. ಹೆಜ್ಜೆಹೆಜ್ಜೆಗೂ ನೆಲಕ್ಕೆ ಮುತ್ತು ಕೊಡೋನು!"

"ಅವನಿಗ್ಯಾಕೆ ಕಟ್ಟಲಿಲ್ಲ?"

"ನಿನ್ನ ಗಾಯ ತೊಳೆಯೋದ್ರಲ್ಲೇ ನನ್ನ ಕೈ ಸವೆದಿತ್ತು ಕಣೇ. ಅವನಿಗೆ ಕಟ್ಟೋಕೆ ಪುರುಸೊತ್ತು ಎಲ್ಲಿ..."

ಮಾತು ಅಲ್ಲೇ ನಿಂತಿತು. ಹೊರಗೆ ಉಜ್ಜುಗೊರಡೂ ನಿಂತಿತು. ಬಡಗಿ ಒಳಗೆ ಬಂದ. ಮುದುಕಿ ಅವನ ನೇರವಾದ ಎರಡು ಕಾಲುಗಳನ್ನು ಮೊದಲ ಸಲ ಕಂಡವಳಂತೆ ನೋಡಿದಳು.

"ದೇವರು ನಿಧಾನವಾಗಿ ತಿದ್ದೋದನ್ನ ನಾವು ಅವಸರಪಟ್ಟು ಕೆಡಿಸಿದ್ವಿ," ಎಂದಳು ಅಕ್ಕ. "ಗುಬ್ಬಿಗೆ ಕಟ್ಟೋಕೆ ನಾನು ಬಿಡಲ್ಲ."

ಬಡಗಿ ಹೊರಗೆ ಹೋದ. ಹಲಗೆಗಳನ್ನು ಒಯ್ದು ಸೌದೆಯ ರಾಶಿಗೆ ಹಾಕಿದ.

ಮುದುಕಿ ಕೈಯಲ್ಲಿದ್ದ ಬಟ್ಟೆಯ ಪಟ್ಟಿಗಳನ್ನು ಪಕ್ಕಕ್ಕಿಟ್ಟಳು. ಆಮೇಲೆ ಮಗಳ ಮೀನಖಂಡದ ಹಳೆಯ ಕಲೆಯ ಮೇಲೆ ಕೈಯಿಟ್ಟಳು. "ಆಗ ತುಂಬ ನೋಯ್ತಾ, ಮಗಳೇ?"

"ಅಳ್ತಿದ್ನಲ್ಲಮ್ಮಾ."

ಅಂಗಳದಲ್ಲಿ ಧೊಪ್ಪೆಂದಿತು. "ಬಿದ್ದಿಲ್ಲಜ್ಜೀ, ಕೂತ್ಕೊಂಡೆ ಅಷ್ಟೇ!" ಎನ್ನುತ್ತಾ ಗುಬ್ಬಿ ಓಡಿಬಂದಳು. ಮುದುಕಿ ಅವಳನ್ನು ಮಡಿಲಿಗೆಳೆದುಕೊಂಡು, ಕಟ್ಟಲೆಂದು ಹರಿದಿದ್ದ ಬಟ್ಟೆಯಿಂದ ಅವಳ ಮೊಣಕಾಲಿನ ಧೂಳು ಒರೆಸಿದಳು.