ಒಂದು ಜ್ವರ, ಎರಡು ಮನೆಯ ಔಷಧಿ

ಅಮೃತಹಳ್ಳಿಯ ಹಳೇ ಓಣಿಯಲ್ಲಿ ಮುನಿಕೃಷ್ಣಮ್ಮನ ಮನೆಗೂ ಗೌಹರ್ ಮನೆಗೂ ನಡುವೆ ಇರುವುದು ಸೊಂಟದೆತ್ತರದ ಗೋಡೆ. ಮುನಿಕೃಷ್ಣಮ್ಮನ ಮೊಮ್ಮಗ ಅಜ್ಜು ನಡೆಯಲು ಕಲಿಯುವ ಮೊದಲೇ ಅದನ್ನು ದಾಟಿದವನು, ಈ ಕೈಯಿಂದ ಆ ಕೈಗೆ. ಅಜ್ಜಿ ಹಸುವಿನ ಕೆಲಸಕ್ಕೆ ಹೊರಟರೆ ಅವನು ಅಲ್ಲಿ; ಗೌಹರ್ ನಮಾಜಿಗೆ ನಿಂತರೆ ಇಲ್ಲಿ. ಸೊಸೆ ಸಂಯುಕ್ತಾ ಕೆಲಸಕ್ಕೆ ಹೋಗುತ್ತಿದ್ದುದು ಎರಡೂ ಮನೆಗಳನ್ನು ನಂಬಿಯೇ.

ಆವತ್ತು ಮಗುವಿಗೆ ಜ್ವರ. ಡಾಕ್ಟರನ್ನು ಕೇಳಿ ಸಂಯುಕ್ತಾ ಸಿರಪ್ಪು ತಂದಿಟ್ಟು ಹೋಗಿದ್ದಳು. ಮಧ್ಯಾಹ್ನ ಮೈ ಕಾದಾಗ ಮುನಿಕೃಷ್ಣಮ್ಮ ಬಾಟ್ಲಿಯ ಅಳತೆ ಮುಚ್ಚಳವನ್ನು ಪಕ್ಕಕ್ಕಿಟ್ಟು ತನ್ನ ಬೆಳ್ಳಿಯ ಒಳಲೆ ತೆಗೆದಳು. ಓಣಿಯ ಮಕ್ಕಳೆಲ್ಲ ಅದರ ಮೂತಿಯಿಂದಲೇ ಹರಳೆಣ್ಣೆ ಕುಡಿದವರು. ಒಳಗೆ ಕೊರೆದ ಹೂವಿನ ತನಕ ಸುರಿದು ಕುಡಿಸಿ, ಮಗುವನ್ನು ಗೋಡೆಯಾಚೆ ದಾಟಿಸಿ, ಹಾಲು ಕರೆಯಲು ಹೋದಳು.

ಬಂದಾಗ ಗೌಹರ್ ಮುಖದಲ್ಲಿ ಗೆದ್ದ ಕಳೆ. "ಮೈ ಕೆಂಡ ಆಗಿತ್ತಕ್ಕ. ನಮ್ಮ ಮೊಮ್ಮಗಳು ಅಫ್ರೀನ್‌ಗೆ ತಂದಿದ್ದ ಸಿರಪ್ಪು ಇತ್ತಲ್ಲ, ಒಂದು ಮುಚ್ಚಳ ಕುಡಿಸ್ಬಿಟ್ಟೆ."

"ಅಯ್ಯೋ, ನಾನೂ ಕುಡ್ಸೇ ಕೊಟ್ಟಿದ್ದು ಕಣಮ್ಮ!"

"ಯಾ ಅಲ್ಲಾ! ಒಂದ್ ಮಾತು ಹೇಳ್ಬಾರ್ದಾ?"

"ನೀನು ಕೇಳ್ಬಾರ್ದಾ?"

ಅಜ್ಜು ಇಬ್ಬರನ್ನೂ ನೋಡಿ ನಕ್ಕ. ಮುನಿಕೃಷ್ಣಮ್ಮ ಅವನನ್ನು ಎತ್ತಿಕೊಂಡಳು. ಮಗುವಿಗೆ ಏನಾದರೂ ಆದರೆ? ಹೋದ ತಿಂಗಳು ಸಂಯುಕ್ತಾ ಮೇನ್ ರೋಡಿನ ಡೇಕೇರ್ ನೋಡಿ ಬಂದಿದ್ದಳು. ಇದು ಗೊತ್ತಾದರೆ ಮಗು ಅಲ್ಲಿಗೇ. ನಗುತ್ತಲೇ ಇದ್ದಾನಲ್ಲ, ಸುಮ್ಮನಿದ್ದುಬಿಡೋಣ ಅನ್ನಿಸಿತು ಒಂದು ಗಳಿಗೆ. ಅವನ ಕತ್ತು ಮುಟ್ಟಿ ನೋಡಿದಳು. ಇನ್ನೂ ಬಿಸಿ.

"ಫೋನ್ ಆಕು. ಬೈದ್ರೆ ಬೈಸ್ಕಳಾನ."

ಸಂಯುಕ್ತಾ ಬೈಯಲಿಲ್ಲ, ಅದೇ ಕರೆಗೆ ಡಾಕ್ಟರನ್ನೂ ಸೇರಿಸಿದಳು. ಅವರು ಮಗುವಿನ ತೂಕ ಕೇಳಿದರು, ಎರಡೂ ಬಾಟ್ಲಿಯ ಮೇಲೆ ಬರೆದಿದ್ದನ್ನು ಗೌಹರ್‌ಳಿಂದ ಓದಿಸಿದರು. "ಅಜ್ಜಿ ಎಷ್ಟು ಕೊಟ್ರಿ?"

"ಒಳಲೇಲಿ ಊವಿನ ಗಂಟ."

"ಅಷ್ಟಂದ್ರೆ ಎಷ್ಟಮ್ಮ?"

ಗೌಹರ್ ಒಳಲೆಗೆ ಹೂವಿನ ತನಕ ನೀರು ಹುಯ್ದು, ಅದನ್ನು ಅಳತೆ ಮುಚ್ಚಳಕ್ಕೆ ಬಗ್ಗಿಸಿದಳು. ಮುಚ್ಚಳ ತುಂಬಿತು. ಒಳಲೆಯಲ್ಲಿ ಇನ್ನೂ ನೀರಿತ್ತು. ಅದನ್ನೂ ಅಳೆಸಿ ಮುನಿಕೃಷ್ಣಮ್ಮ ಡಾಕ್ಟರಿಗೆ ಹೇಳಿದಳು.

ಡಾಕ್ಟರು ಲೆಕ್ಕ ಹಾಕಿದರು. "ಇವನ ತೂಕಕ್ಕೆ ಅಪಾಯದ ಮಟ್ಟ ಮುಟ್ಟಿಲ್ಲ. ಆದ್ರೆ ಇನ್ನು ಒಂದು ತೊಟ್ಟೂ ಬೇಡ. ಈಗ್ಲೇ ಕರ್ಕೊಂಡು ಬನ್ನಿ, ನೋಡ್ಬಿಡ್ತೀನಿ."

ನೋಡಿದರು. ಮಗು ಚೆನ್ನಾಗಿತ್ತು. ವಾಪಸ್ ಬರುವಾಗ ಆಟೋದಲ್ಲಿ, ಕೆಲಸದಿಂದ ನೇರ ಡಾಕ್ಟರಲ್ಲಿಗೇ ಬಂದಿದ್ದ ಸಂಯುಕ್ತಾ ಇಬ್ಬರ ನಡುವೆ ಮಗುವನ್ನಿಟ್ಟುಕೊಂಡು ಕೂತಿದ್ದಳು.

"ನೀವು ಮುಚ್ಚಿಟ್ಟಿದ್ರೆ ನಾನು ಬಂದು ಇನ್ನೊಂದ್ಸಲ ಕುಡಿಸ್ತಿದ್ದೆ, ಅತ್ತೆ."

ಅದು ಮುನಿಕೃಷ್ಣಮ್ಮನಿಗೆ ಹೊಳೆದೇ ಇರಲಿಲ್ಲ. ಮಗುವಿನ ಕಾಲು ಸವರುತ್ತಾ ಕೇಳಿದಳು: "ಅಂಗಾದ್ರೆ ಡೇಕೇರು?"

"ಅಲ್ಲಿ ಹಸು ಇದ್ಯಾ? ಇವನು ಇರ್ತಾನಾ?"

ಗೌಹರ್ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮನೆಗೆ ಬಂದವಳೇ ಅಫ್ರೀನಳ ಹಳೇ ಬಾಟ್ಲಿ ಎಸೆದಳು. ಅಜ್ಜುವಿನ ಬಾಟ್ಲಿ, ಅದರ ಮುಚ್ಚಳ ಒಂದು ಬಟ್ಟೆ ಚೀಲಕ್ಕೆ ಸೇರಿದವು. ಅವನು ಎಲ್ಲಿಗೆ ಹೋದರೆ ಚೀಲವೂ ಅಲ್ಲಿಗೆ, ಅವನ ಕೈಗೆಟುಕದ ಗೂಟಕ್ಕೆ.

ಮಾರನೇ ದಿನ ಜ್ವರ ಇಳಿದಿತ್ತು. ಮುನಿಕೃಷ್ಣಮ್ಮ ಮಗುವನ್ನು ಗೋಡೆಯ ಮೇಲೆತ್ತಿದರೆ ಗೌಹರ್ ಕೈ ಚಾಚಲಿಲ್ಲ.

"ಮೊದ್ಲು ಹೇಳಕ್ಕ, ಏನ್ ಕುಡಿಸಿದ್ದಿ?"

"ರಾಗಿ ಗಂಜಿ."

"ಎಷ್ಟು?"

"ಊವಿನ ಗಂಟ ಕಣೇ, ತಗಾ!"